ಕೊಳವೆಬಾವಿಯ ಬಿಟ್ ಎಷ್ಟು ಅಡಿ ಬಾಳುತ್ತದೆ?

ಕೇಳುಗರಿಗೆ ನಮಸ್ಕಾರ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ಸಾವಿರ ಅಡಿ ದಾಟಿತೆಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ ಬಾವಿ ಕೊರೆಯುವ ಲಾರಿ ಹೊಲದಲ್ಲಿ ನಿಂತಾಗ ಎಲ್ಲರ ಕಣ್ಣೂ ನೀರಿನ ಮೇಲೆಯೇ. ರಾಡುಗಳ ತುದಿಯಲ್ಲಿದ್ದು ಬಂಡೆ ಕೊರೆಯುವ ಬಿಟ್ಟನ್ನು ಕೇಳುವವರಿಲ್ಲ.

ಆರೂವರೆ ಇಂಚಿನ ಉಕ್ಕಿನ ತಲೆ. ಮುಖದ ತುಂಬ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಬಲು ಗಟ್ಟಿ ವಸ್ತುವಿನ ಗುಂಡಿಗಳು, ಅಂದರೆ ಉಬ್ಬಿದ ಬಟನ್ನುಗಳು. ಕಂಪ್ರೆಸರಿನ ಗಾಳಿ ಬಿಟ್ಟಿನ ಬೆನ್ನಿಗೇ ಇರುವ ಹ್ಯಾಮರನ್ನು ಓಡಿಸುತ್ತದೆ, ಹ್ಯಾಮರ್ ಬಿಟ್ಟನ್ನು ಕುಟ್ಟುತ್ತದೆ, ಗುಂಡಿಗಳು ಬಂಡೆಯನ್ನು ಪುಡಿಮಾಡುತ್ತವೆ.

ಬಿಟ್ ಬೇಗ ಸವೆದರೆ ಕಲ್ಲನ್ನು ದೂರುವುದು ರೂಢಿ. ಅದು ಸುಳ್ಳೇನಲ್ಲ. ಬಂಡೆಯಲ್ಲಿ ಬೆಣಚುಕಲ್ಲಿನ ಪಾಲು ಹೆಚ್ಚಿದ್ದರೆ ಅದು ಗುಂಡಿಗಳನ್ನು ಉಪ್ಪುಕಾಗದದಂತೆ ಉಜ್ಜಿಹಾಕುತ್ತದೆ. ಆದರೆ ಅದೇ ಹೊಲದ ಅದೇ ಬಂಡೆಯಲ್ಲಿ ಒಂದು ಬಿಟ್ ಬಾಳಿ ಇನ್ನೊಂದು ಬೇಗ ಕೆಟ್ಟರೆ, ನಾನು ನೋಡುವುದು ಲಿವರ್ ಹಿಡಿದ ಕೈಯನ್ನು.

ಬೇಗ ಮುಗಿಸುವ ಅವಸರದಲ್ಲಿ ರಾಡನ್ನು ಜೋರಾಗಿ ತಿರುಗಿಸಿದರೆ ಅಂಚಿನ ಗುಂಡಿಗಳು ಮೊದಲು ಸವೆಯುತ್ತವೆ, ಪ್ರತಿ ಸುತ್ತಿನಲ್ಲೂ ಹೆಚ್ಚು ದೂರ ಓಡುವವು ಅವೇ ತಾನೆ. ತೀರಾ ನಿಧಾನವಾದರೆ ಪುಡಿಯಾದ ಜಾಗವನ್ನೇ ಮತ್ತೆ ಕುಟ್ಟುತ್ತವೆ. ಗಾಳಿ ಸಾಲದೆ ಹೋದರೆ ಕಲ್ಲಿನ ಪುಡಿ ಮೇಲೇಳದೆ ಬಿಟ್ಟಿನ ಸುತ್ತಲೇ ಅರೆಯುತ್ತಿರುತ್ತದೆ. ಹ್ಯಾಮರಿಗೆ ಎಣ್ಣೆ ತಪ್ಪಿದರಂತೂ ಒಳಗಿನ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಇನ್ನು ಸಾಣೆಯ ವಿಷಯ. ಉರುಟಾದ ಗುಂಡಿಯ ತಲೆ ಸವೆದು ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಗುಂಡಿಯ ಅಗಲದ ಮೂರನೇ ಒಂದು ಭಾಗಕ್ಕೆ ಬರುವ ಹೊತ್ತಿಗೆ ಸಾಣೆ ಹಿಡಿದು ಮತ್ತೆ ಉರುಟು ಮಾಡಬೇಕು. ಇನ್ನೊಂದು ಬಾವಿ ಆಗಲಿ ಎಂದು ಮುಂದೂಡಿದರೆ ಗುಂಡಿ ಕಾದು, ಮೇಲ್ಮೈಯಲ್ಲಿ ಹಾವಿನ ಪೊರೆಯಂಥ ಸಣ್ಣ ಬಿರುಕುಗಳೆದ್ದು, ಕೊನೆಗೆ ಚೂರಾಗುತ್ತದೆ.

ಇದು ಲಾರಿಯವರ ತಲೆನೋವು, ನಮಗೇನು ಎನ್ನಬೇಡಿ. ಅಂಚು ಸವೆದ ಬಿಟ್ ಕೆಳಗಿಳಿದಂತೆ ರಂಧ್ರ ಕಿರಿದಾಗುತ್ತದೆ. ಅರ್ಧ ದಾರಿಯಲ್ಲಿ ಹೊಸ ಬಿಟ್ ಹಾಕಿದರೆ ಅದು ಆ ಕಿರಿದಾದ ಜಾಗದಲ್ಲೇ ಸಿಕ್ಕಿಕೊಳ್ಳಬಹುದು. ನಾಳೆ ನೀವು ಇಳಿಸುವ ಮೋಟರಿಗೂ ಅದೇ ಗತಿ. ಅದಕ್ಕೇ ಕೇಸಿಂಗ್ ಪೈಪ್ ಅಳೆಯುವ ಟೇಪನ್ನು ಬಿಟ್ಟಿನ ಮುಖಕ್ಕೂ ಹಿಡಿಯಿರಿ: ಕೊರೆಯುವ ಮೊದಲು ಒಮ್ಮೆ, ರಾಡುಗಳೆಲ್ಲ ಮೇಲೆ ಬಂದ ಮೇಲೆ ಮತ್ತೊಮ್ಮೆ. ನಮಸ್ಕಾರ.