ಗ್ಯಾಸ್ಕೆಟ್ ಸುಮ್ನೆ ಹೋಗಲ್ಲ

ಎಲ್ಲರಿಗೂ ನಮಸ್ಕಾರ. ಪ್ರಾಂಶುಪಾಲರಿಗೆ, ಆಟೋಮೊಬೈಲ್ ವಿಭಾಗದ ಮೇಷ್ಟ್ರುಗಳಿಗೆ, ಅಂಗಡಿ ಬಾಗಿಲು ಹಾಕಿ ಬಂದು ಹಿಂದೆ ಕೂತಿರುವ ಗ್ಯಾರೇಜಿನ ಗೆಳೆಯರಿಗೂ ನಮಸ್ಕಾರ.

ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಗ್ಯಾಸು, ನೀರು, ಆಯಿಲ್ ಸೋರದಂತೆ ತಡೆಯುವ ತೆಳು ಹಾಳೆ, ಇದನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಹೆಡ್ ಇಳಿಸಿ ಕೂರಿಸಿದವರು ಬೇಕಾದಷ್ಟು ಜನ ಇದ್ದೀರಿ. ನಾನು ಹೇಳಲು ಬಂದಿರುವುದು ಒಂದೇ ಮಾತು. ಗ್ಯಾಸ್ಕೆಟ್ ಸುಮ್ನೆ ಹೋಗಲ್ಲ. ಯಾಕೆ ಹೋಯ್ತು ಅಂತ ಗೊತ್ತಾಗುವವರೆಗೆ ಹೊಸದರ ಪ್ಯಾಕೆಟ್ ಒಡೆಯಬೇಡಿ. ಇದನ್ನು ಇವತ್ತು ಮೂರ್ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಕಾರಿನ ಕತೆ ಇಟ್ಟುಕೊಂಡು ಹೇಳುತ್ತೇನೆ. ನಾನು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದೆ. ಜಪಾನಿನ ಸೆಕೆಂಡ್ ಹ್ಯಾಂಡ್ ಕಾರುಗಳು ಅಲ್ಲಿ ರಾಶಿ ರಾಶಿ. ಹಾಗೆ ಬಂದದ್ದೇ ಟೊಯೋಟಾ ಎಂಆರ್2, 1986ರಲ್ಲಿ ಹೊರಬಂದ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಮಾದರಿ. ಎಂಜಿನ್ 4ಎ-ಜಿಝಡ್‌ಇ. 1587 ಸಿಸಿ, 16 ವಾಲ್ವ್, 145 ಎಚ್‌ಪಿ. ಎರಡೇ ಸೀಟು, ಎಂಜಿನ್ ಬೆನ್ನ ಹಿಂದೆ, ರೇಡಿಯೇಟರ್ ಮಾತ್ರ ಮೂತಿಯಲ್ಲಿ. ನೀರು ಕಾರಿನ ಹೊಟ್ಟೆಯಡಿ ಉದ್ದದ ಪೈಪಿನಲ್ಲಿ ಮುಂದೆ ಹೋಗಿ ಹಿಂದೆ ಬರಬೇಕು. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತೆ.

ಕಾರಿನ ಯಜಮಾನ ಬಂದವನೇ ಹೇಳಿದ, "ಎರಡು ಸಲ ಗ್ಯಾಸ್ಕೆಟ್ ಬದಲಾಯಿಸಿದ್ದಾರೆ, ಮತ್ತೆ ಹೋಗಿದೆ." ಹಿಂದಿನ ಗ್ಯಾರೇಜಿನವರು ಗ್ಯಾಸ್ಕೆಟ್ಟೇ ಡೂಪ್ಲಿಕೇಟ್ ಅಂದಿದ್ದರಂತೆ. ಈ ಮಾತು ನಮ್ಮೂರಲ್ಲೂ ಕೇಳಿದ್ದೀರಿ, ಅಲ್ವಾ? ಡೂಪ್ಲಿಕೇಟ್ ಮಾಲು ಇಲ್ಲ ಅಂತ ಹೇಳುತ್ತಿಲ್ಲ. ಆದರೆ ಒಂದೇ ಎಂಜಿನ್ನು ಮೇಲಿಂದ ಮೇಲೆ ಗ್ಯಾಸ್ಕೆಟ್ ತಿನ್ನುತ್ತಿದ್ದರೆ ಮೊದಲು ಎಂಜಿನ್ನನ್ನೇ ಅನುಮಾನಿಸಬೇಕು.

ಗ್ಯಾರೇಜಿನಲ್ಲಿ ನಿಲ್ಲಿಸಿ ಚಾಲೂ ಮಾಡಿದರೆ ಏನೂ ಇಲ್ಲ. ಗುಳ್ಳೆ ಇಲ್ಲ, ಬಿಳಿ ಹೊಗೆ ಇಲ್ಲ, ಟೆಂಪರೇಚರ್ ಮುಳ್ಳು ನಡುವೆಯೇ ನಿಂತಿದೆ. ಕೂಲೆಂಟಿನಲ್ಲಿ ಉರಿದ ಗ್ಯಾಸು ಸೇರಿದೆಯಾ ಅಂತ ನೋಡುವ ಬ್ಲಾಕ್ ಟೆಸ್ಟಿನ ನೀಲಿ ದ್ರವವೂ ಹಳದಿಗೆ ತಿರುಗಲಿಲ್ಲ. ಯಾಕೆ? ಈ ಕಾರಿನ ಸೂಪರ್‌ಚಾರ್ಜರಿಗೆ ಎಸಿ ಕಂಪ್ರೆಸರಿಗೆ ಇರುವ ಹಾಗೆ ವಿದ್ಯುತ್ ಕ್ಲಚ್ ಇದೆ. ಆಕ್ಸಿಲರೇಟರ್ ಒತ್ತಿ ಲೋಡ್ ಬಿದ್ದಾಗ ಮಾತ್ರ ಅದು ಹಿಡಿದುಕೊಳ್ಳುತ್ತೆ. ಐಡಲಿಂಗಿನಲ್ಲಿ ಬೂಸ್ಟೇ, ಅಂದರೆ ಅದು ತುಂಬುವ ಗಾಳಿಯ ಒತ್ತಡವೇ, ಇಲ್ಲ. ಬೂಸ್ಟ್ ಇಲ್ಲದ ಮೇಲೆ ಆ ಗ್ಯಾಸ್ಕೆಟ್ ಒಳ್ಳೆಯ ಗ್ಯಾಸ್ಕೆಟ್ಟೇ!

ಅದಕ್ಕೆ ರಸ್ತೆಗೆ ತೆಗೆದುಕೊಂಡು ಹೋದೆವು. ಆಕ್ಲೆಂಡಿನ ದಕ್ಷಿಣಕ್ಕೆ ಬಾಂಬೆ ಹಿಲ್ಸ್ ಅಂತ ಒಂದು ಏರು ಇದೆ. ಹೌದು, ಅದೇ ಬಾಂಬೆ. 1863ರಲ್ಲಿ ವಲಸೆಗಾರರನ್ನು ತಂದ ಹಡಗಿನ ಹೆಸರು ಬಾಂಬೆ, ಆ ಹೆಸರೇ ಅಲ್ಲಿ ನಿಂತುಬಿಟ್ಟಿದೆ. ಅಷ್ಟು ದೂರ ಹೋದರೂ ಬಾಂಬೆ ನಮ್ಮನ್ನು ಬಿಡುವುದಿಲ್ಲ! ಆ ಏರಿನಲ್ಲಿ ಕಾಲು ಪೂರ್ತಿ ಒತ್ತಿದ್ದೇ ತಡ, ಮುಳ್ಳು ಮೇಲೇರತೊಡಗಿತು. ವಾಪಸ್ ಬಂದು ತಣ್ಣಗಾಗಲು ಬಿಟ್ಟೆವು. ಪೂರ್ತಿ ತಣ್ಣಗಾದ ಮೇಲೂ ಮೇಲಿನ ಹೋಸ್ ಕೈಗೆ ಗಟ್ಟಿಯಾಗಿ ಸಿಗುತ್ತಿತ್ತು. ತಣ್ಣಗಿರುವ ಎಂಜಿನ್ನಿನ ಹೋಸಿನಲ್ಲಿ ಒತ್ತಡ ಇರಬಾರದು. ಇದ್ದರೆ ಸಿಲಿಂಡರಿನ ಗ್ಯಾಸು ಕೂಲೆಂಟಿಗೆ ನುಗ್ಗಿದೆ ಅಂತಲೇ ಅರ್ಥ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಮನೆಯ ಕುಕ್ಕರ್ ಗ್ಯಾಸ್ಕೆಟ್ ತಡೆಯುವುದು ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಜಾಸ್ತಿ ಒತ್ತಡವನ್ನು. ಈ ಎಂಜಿನ್ನಿನ ಬೋರ್ 81 ಮಿಲಿಮೀಟರ್. ಉರಿಯುವಾಗ ಒಳಗೆ 70 ಬಾರ್ ಅಂತ ಇಟ್ಟುಕೊಳ್ಳಿ. ಒಂದೊಂದು ಸಿಲಿಂಡರೂ ಹೆಡ್ಡನ್ನು ಸುಮಾರು ಮೂರೂವರೆ ಟನ್ ಬಲದಿಂದ ಮೇಲಕ್ಕೆ ತಳ್ಳುತ್ತೆ. ಇಡೀ ಕಾರಿನ ತೂಕವೇ ಸುಮಾರು 1100 ಕೆಜಿ! ಇದರ ಮೇಲೆ ಇನ್ನೊಂದಿದೆ. ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ. ಬಿಸಿಯಾದರೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. 40 ಸೆಂಟಿಮೀಟರ್ ಉದ್ದದ ಹೆಡ್ 80 ಡಿಗ್ರಿ ಏರಿದರೆ ಮುಕ್ಕಾಲು ಮಿಲಿಮೀಟರ್‌ನಷ್ಟು ಬೆಳೆಯುತ್ತೆ, ಕೆಳಗಿನ ಬ್ಲಾಕ್ ಅದರ ಅರ್ಧ. ನಡುವಿನ ಗ್ಯಾಸ್ಕೆಟ್ ಪ್ರತಿ ಸಲ ಚಾಲೂ ಮಾಡಿದಾಗಲೂ ಆ ಉಜ್ಜಾಟ ಸಹಿಸಬೇಕು. ಇಷ್ಟೆಲ್ಲ ತಡೆಯುವ ವಸ್ತು ಕಾರಣವಿಲ್ಲದೆ ಹೋಗುತ್ತಾ? ಗ್ಯಾಸ್ಕೆಟ್ ಸುಮ್ನೆ ಹೋಗಲ್ಲ.

ಸರಿ, ಬಿಚ್ಚಿದೆವು. ಎಂಜಿನ್ನಿನ ತಲೆಯ ಮೇಲೆ ಇಂಟರ್‌ಕೂಲರ್, ಅದರ ಕೊಳವೆಗಳು, ಆಮೇಲೆ ಬೆಲ್ಟು. ಕೈ ಹೋಗಲು ಜಾಗವಿಲ್ಲ. ಅದನ್ನೆಲ್ಲ ಬಿಡುತ್ತೇನೆ, ಮ್ಯಾನುಯಲ್ಲಿನಲ್ಲಿದೆ. ಹೆಡ್ ಬೋಲ್ಟ್‌ಗಳನ್ನು ಮಾತ್ರ ಎಂಜಿನ್ ಪೂರ್ತಿ ತಣ್ಣಗಿರುವಾಗ, ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬಿಸಿಯಲ್ಲಿ ಸಡಿಲಿಸಿದರೆ ಹೆಡ್ ಸೊಟ್ಟ ಆಗಬಹುದು.

ಹೆಡ್ ಎತ್ತುವ ಮೊದಲೇ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಜೋಡಿಸಿಟ್ಟಿದ್ದೆ. ಮೂರನೆಯ ಪ್ಲಗ್ಗನ್ನು ಬೆಳಕಿಗೆ ಹಿಡಿದೆ. ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಚುಕ್ಕೆ. ಬರಿಗಣ್ಣಿಗೆ ಮಸಿ ಅನ್ನಿಸುತ್ತೆ. ಭೂತಗನ್ನಡಿಯಲ್ಲಿ ನೋಡಿದರೆ ಕೆಲವು ಬೆಳ್ಳಗೆ ಮಿನುಗುತ್ತಿದ್ದವು. ಅದು ಅಲ್ಯೂಮಿನಿಯಂ. ಪಿಸ್ಟನ್ ತಲೆಯಿಂದ ಹಾರಿ ಅಂಟಿಕೊಂಡದ್ದು. ಅಂದರೆ ನಾಕಿಂಗ್, ಡೆಟೊನೇಶನ್. ಮಿಶ್ರಣ ಹದವಾಗಿ ಉರಿಯುವ ಬದಲು ಒಮ್ಮೆಲೇ ಸಿಡಿಯುತ್ತಿತ್ತು. ಹೆಡ್ ಎತ್ತಿದಾಗ ಗ್ಯಾಸ್ಕೆಟ್ಟೂ ಅದೇ ಹೇಳಿತು. ಮೂರು ಮತ್ತು ನಾಲ್ಕನೆಯ ಸಿಲಿಂಡರ್ ನಡುವೆ ಗ್ಯಾಸ್ಕೆಟ್ಟಿನ ಫೈರ್ ರಿಂಗ್, ಅಂದರೆ ಸಿಲಿಂಡರ್ ತೂತಿನ ಸುತ್ತಲಿನ ಲೋಹದ ಬಳೆ, ಜಜ್ಜಿ, ಒಂದು ಕಡೆ ಬಿರುಕು ಬಿಟ್ಟಿತ್ತು.

ಸಿಡಿಯಲು ಕಾರಣ? ಸೂಪರ್‌ಚಾರ್ಜರಿನ ಪುಲ್ಲಿ ನೋಡಿದರೆ ಕಂಪನಿಯದ್ದಲ್ಲ, ಅದಕ್ಕಿಂತ ಚಿಕ್ಕದು. ಪುಲ್ಲಿ ಚಿಕ್ಕದಾದರೆ ಸೂಪರ್‌ಚಾರ್ಜರ್ ಜೋರಾಗಿ ತಿರುಗುತ್ತೆ, ಬೂಸ್ಟ್ ಏರುತ್ತೆ, ಒಳಬರುವ ಗಾಳಿಯೂ ಕಾಯುತ್ತೆ. ಈ ಎಂಜಿನ್ನಿನ ಕಂಪ್ರೆಶನ್ ರೇಶಿಯೊವನ್ನು, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತೆ ಅನ್ನುವುದನ್ನು, 8.0ರಷ್ಟು ಕಡಿಮೆ ಇಟ್ಟಿದ್ದೇ ಬೂಸ್ಟಿಗೆ ಜಾಗ ಬಿಡಲು. ಆ ಜಾಗವನ್ನು ಪುಲ್ಲಿ ತಿಂದುಹಾಕಿತ್ತು. ಪೆಟ್ರೋಲ್ ಯಾವುದು ಹಾಕ್ತೀರಿ ಅಂತ ಕೇಳಿದೆ. 91 ಆಕ್ಟೇನ್ ಅಂದ. ಆಕ್ಟೇನ್ ಕಡಿಮೆಯಾದಷ್ಟೂ ಪೆಟ್ರೋಲ್ ಬೇಗ ಸಿಡಿಯುತ್ತೆ. ಅಲ್ಲಿನ ಬಂಕುಗಳಲ್ಲಿ 95 ಸಿಗುತ್ತೆ, ಸ್ವಲ್ಪ ದುಬಾರಿ. ಅವನು ಆಸೆಪಟ್ಟು ಕೊಂಡ ಕಾರು ಅದು. ಪುಲ್ಲಿಗೂ ಪೆಟ್ರೋಲಿಗೂ ಸಂಬಂಧ ಇದೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಎರಡು ಸಲ ಹೆಡ್ ಇಳಿಸಿದವರು ಒಂದು ಸಲವಾದರೂ ಪ್ಲಗ್ ನೋಡಿದ್ದರೆ ಸಾಕಿತ್ತು. ನನಗೆ ಇವತ್ತಿಗೂ ಸಂಕಟ ಆಗುವುದು ಇದಕ್ಕೇ.

ಎರಡನೆಯ ಕಾರಣ ಹೆಡ್ಡಿನ ತಳದಲ್ಲಿತ್ತು. ಹಳೆಯ ಗ್ಯಾಸ್ಕೆಟ್ ತೆಗೆಯಲು ಯಾರೋ ಗ್ರೈಂಡರಿಗೆ ಸವೆಸುವ ಡಿಸ್ಕ್ ಹಾಕಿ ತಿರುಗಿಸಿದ್ದರು. ಸುಳಿ ಸುಳಿಯಾಗಿ ಗುರುತು. ಹೊಳೆಯುತ್ತೆ, ಚೆನ್ನಾಗಿ ಕಾಣುತ್ತೆ. ನೇರ ಪಟ್ಟಿ ಅಂದರೆ ಸ್ಟ್ರೇಟ್ ಎಡ್ಜ್ ಇಟ್ಟು, ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದರೆ ಮೂರು, ನಾಲ್ಕರ ನಡುವೆ 0.10 ಮಿಲಿಮೀಟರಿನ ಎಲೆ ಸಲೀಸಾಗಿ ಒಳಗೆ ಹೋಯಿತು. ಇರಬೇಕಾದ ಮಿತಿ 0.05. ದಯವಿಟ್ಟು ಅಲ್ಯೂಮಿನಿಯಂ ಹೆಡ್ಡಿಗೆ ಆ ಡಿಸ್ಕ್ ಮುಟ್ಟಿಸಬೇಡಿ. ಅದರ ಪುಡಿ ಆಯಿಲ್ ಸೇರಿದರೆ ಬೇರಿಂಗನ್ನೂ ತಿನ್ನುತ್ತೆ. ಪ್ಲಾಸ್ಟಿಕ್ ಸ್ಕ್ರೇಪರ್, ಗ್ಯಾಸ್ಕೆಟ್ ರಿಮೂವರ್, ತಾಳ್ಮೆ. ಉಳಿದದ್ದು ಮಷೀನ್ ಶಾಪಿನಲ್ಲಿ ತಳವನ್ನು ಸಮ ಮಾಡುವ ಫೇಸಿಂಗ್. ಅದನ್ನೂ ಎಷ್ಟು ಬೇಕೋ ಅಷ್ಟೇ. ಹೆಡ್ ಸವೆದಷ್ಟೂ ಕಂಪ್ರೆಶನ್ ಏರುತ್ತೆ, ಬೂಸ್ಟ್ ಇರುವ ಎಂಜಿನ್ನಿಗೆ ಅದು ಒಳ್ಳೆಯದಲ್ಲ. ಬ್ಲಾಕಿನ ಮೇಲ್ಮೈಯನ್ನೂ ಅಳೆಯಿರಿ, ಅದನ್ನು ಮರೆಯುವವರೇ ಜಾಸ್ತಿ.

ಹತ್ತು ನಿಮಿಷ ಅಂತ ಚೀಟಿ ಬಂತು. ಬೇಗ ಬೇಗ ಹೇಳುತ್ತೇನೆ.

ಬೋಲ್ಟು. ಬ್ಲಾಕಿನ ತೂತುಗಳಲ್ಲಿ ನೀರು, ಆಯಿಲ್ ಉಳಿಯಬಾರದು. ಗಾಳಿ ಹೊಡೆದು ಒಣಗಿಸಿ. ದ್ರವ ನಿಂತ ತೂತಿಗೆ ಬೋಲ್ಟ್ ಬಿಗಿದರೆ ಬ್ಲಾಕೇ ಸೀಳಬಹುದು. ಬೋಲ್ಟಿನ ಎಳೆಗಳಿಗೂ ತಲೆಯ ಕೆಳಗೂ ತೆಳುವಾಗಿ ಆಯಿಲ್. ಈ ಎಂಜಿನ್ನಿಗೆ ಮೊದಲು 29 ನ್ಯೂಟನ್ ಮೀಟರ್, ನಡುವಿನಿಂದ ಹೊರಕ್ಕೆ. ಆಮೇಲೆ ತಲೆಯ ಮೇಲೆ ಬಣ್ಣದ ಚುಕ್ಕೆ ಇಟ್ಟು 90 ಡಿಗ್ರಿ, ಮತ್ತೆ 90 ಡಿಗ್ರಿ. ಡಿಗ್ರಿ ಯಾಕೆ? ಟಾರ್ಕ್ ರೆಂಚಿಗೆ ನೀವು ಹಾಕುವ ಬಲದಲ್ಲಿ ಸುಮಾರು ತೊಂಬತ್ತು ಪಾಲು ಬರೀ ಘರ್ಷಣೆಗೆ ಹೋಗುತ್ತೆ. ಬೋಲ್ಟನ್ನು ಎಳೆಯುವುದು ಉಳಿದ ಹತ್ತು ಪಾಲು. ಎಳೆಯಲ್ಲಿ ಕೊಳೆ ಇದ್ದರೆ ಆ ಹತ್ತೂ ಇಲ್ಲ, ರೆಂಚ್ ಮಾತ್ರ ಟಕ್ ಅನ್ನುತ್ತೆ. ಡಿಗ್ರಿ ಲೆಕ್ಕದಲ್ಲಿ ತಿರುಗಿಸಿದರೆ ಘರ್ಷಣೆಯ ಈ ಮೋಸ ಕಡಿಮೆ. ಕೈ ಅಂದಾಜು ಸಾಕು ಅನ್ನುವ ಹಿರಿಯರ ಮೇಲೆ ನನಗೆ ಗೌರವ ಇದೆ, ಆದರೆ ಇಲ್ಲಿ ಸಾಲದು.

ವಾಲ್ವ್ ಕ್ಲಿಯರೆನ್ಸ್, ಟೈಮಿಂಗ್ ಬೆಲ್ಟ್ ಎರಡನ್ನೂ ಮುಂದಿನ ಸಲಕ್ಕೆ ಇಡುತ್ತೇನೆ. ವಾಲ್ವ್ ಸಂದು ಹೊಂದಿಸುವ ಬಿಲ್ಲೆಗಳಾದ ಶಿಮ್‌ಗಳನ್ನು ಅದಲು ಬದಲು ಮಾಡಬೇಡಿ, ಇವತ್ತಿಗೆ ಅಷ್ಟು ಸಾಕು.

ಕೊನೆಯದು ನೀರು. ಆ ಉದ್ದದ ಪೈಪು ನೆನಪಿದೆಯಾ? ಸುಮ್ನೆ ಕೂಲೆಂಟ್ ಸುರಿದು ಮುಚ್ಚಳ ಹಾಕಿದರೆ ಗಾಳಿ ಒಳಗೇ ಕೂರುತ್ತೆ. ಹೆಡ್ಡಿನಲ್ಲಿ ಗಾಳಿ ಕೂತ ಜಾಗ ಕಾದು ಹೆಡ್ ಮತ್ತೆ ಸೊಟ್ಟ ಆಗುತ್ತೆ, ಹೊಸ ಗ್ಯಾಸ್ಕೆಟ್ ಹೋಗುತ್ತೆ. ಮುಂದೆ ರೇಡಿಯೇಟರಿನಲ್ಲೂ ಹೀಟರ್ ಬಳಿಯೂ ಗಾಳಿ ಬಿಡಲು ಜಾಗ ಕೊಟ್ಟಿದ್ದಾರೆ. ಅಲ್ಲಿಂದ ಗುಳ್ಳೆ ನಿಲ್ಲುವವರೆಗೆ ಬಿಡಿ, ಹೀಟರ್ ಪೂರ್ತಿ ತೆರೆದಿರಲಿ.

ಆ ಕಾರಿಗೆ ಕಂಪನಿ ಪುಲ್ಲಿ ವಾಪಸ್ ಹಾಕಿಸಿದೆವು, 95 ಆಕ್ಟೇನ್ ಹಾಕಿಸಿದೆವು, ಮತ್ತೆ ಬಾಂಬೆ ಹಿಲ್ಸ್ ಹತ್ತಿಸಿದೆವು. ಮುಳ್ಳು ಅಲ್ಲಾಡಲಿಲ್ಲ.

ಹೊರಗೆ ವರಾಂಡದಲ್ಲಿ ಒಂದು ಹೆಡ್, ಸ್ಟ್ರೇಟ್ ಎಡ್ಜ್, ಫೀಲರ್ ಗೇಜ್ ಇಟ್ಟಿದ್ದೇನೆ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಅಳೆದು, ಎಲ್ಲಿ ಎಷ್ಟು ತಗ್ಗಿದೆ ಅಂತ ಚೀಟಿಯಲ್ಲಿ ಬರೆದು ಕೊಡಿ. ಟೀ ಕುಡಿಯುತ್ತಾ ಒಟ್ಟಿಗೆ ನೋಡೋಣ.