ಪೆಂಡಿಂಗ್ ಅಂದ್ರೆ, ಯಾವುದಕ್ಕೆ ಪೆಂಡಿಂಗ್?

ನಮಸ್ಕಾರ ಕೇಳುಗರೇ. ಇವತ್ತು ಒಂದೇ ಒಂದು ಪದ, ಪೆಂಡಿಂಗ್. ಹೊಸದಾಗಿ ಆಫೀಸಿಗೆ ಸೇರಿರೋ ಮಕ್ಳು ಸ್ವಲ್ಪ ಕಿವಿ ಕೊಡಿ.

ಲ್ಯಾಟಿನ್‌ನಲ್ಲಿ ಪೆಂಡೆರೆ ಅಂದ್ರೆ ನೇತಾಡೋದು. ಗಡಿಯಾರದ ಪೆಂಡುಲಮ್, ಸರದ ಪೆಂಡೆಂಟ್ ಎಲ್ಲ ಅದೇ ಬೇರು. ಹಿಂದೆ ಅಡುಗೆಮನೇಲಿ ನೆಲುವು ಇರ್ತಿತ್ತಲ್ಲ, ಬೆಣ್ಣೆ ಗಡಿಗೆ ಅದ್ರಲ್ಲಿ ನೇತಾಡ್ತಿತ್ತು, ಆದ್ರೆ ಮೇಲೆ ಜಂತಿಗೆ ಹಗ್ಗ ಕಟ್ಟಿರೋದು ಎಲ್ರಿಗೂ ಕಾಣ್ತಿತ್ತು. ಪೆಂಡಿಂಗ್ ಅಂದ್ರೂ ಅಷ್ಟೇ, ಯಾವುದಕ್ಕೆ ನೇತುಬಿದ್ದಿದೆ ಅಂತ ಹೇಳ್ಲೇಬೇಕು.

ನಮ್ಮ ದೊಡ್ಡಪ್ಪ ತೀರಿಕೊಂಡ್ಮೇಲೆ ದೊಡ್ಡಮ್ಮ ಪೌತಿ ಖಾತೆಗೆ, ಅಂದ್ರೆ ತೀರಿಕೊಂಡೋರ ಜಮೀನನ್ನ ವಾರಸುದಾರರ ಹೆಸ್ರಿಗೆ ಮಾಡಿಸೋಕೆ, ಅರ್ಜಿ ಕೊಟ್ಟಿದ್ರು, ಪ್ರತಿ ಸಲ ಹೋದಾಗ್ಲೂ "ಪೆಂಡಿಂಗ್ ಇದೆಯಮ್ಮ" ಅನ್ನೋರು, ಅವರು ಪಾಪ ಅದನ್ನ ಕೆಲ್ಸ ನಡೀತಿದೆ ಅಂತ ತಿಳ್ಕೊಂಡು ಬಸ್ ಹತ್ತಿ ವಾಪಸ್ ಬರೋರು, ಹಿಂಗೇ ಐದು ತಿಂಗ್ಳು. ಒಂದಿನ ನಾನೂ ಜೊತೇಲಿ ಹೋದೆ. "ಯಾವುದಕ್ಕೆ ಪೆಂಡಿಂಗ್ ಸಾರ್?" ಅಂದೆ. ಕೇಸ್ ವರ್ಕರ್ ಒಂದು ಕ್ಷಣ ನನ್ನ ಮುಖ ನೋಡಿ, ಕಟ್ಟು ಎಳ್ದು, ಕಡತದ ದಾರ ಬಿಚ್ಚಿದ್ರು. ಅರ್ಜಿ ಮೂಲೇಲಿ ಪೆನ್ಸಿಲಲ್ಲಿ ಸಣ್ಣದಾಗಿ ಬರ್ದಿತ್ತು, ಮರಣ ಪ್ರಮಾಣಪತ್ರದಲ್ಲಿ ಇನಿಷಿಯಲ್ ಇದೆ, ಪಹಣೀಲಿ ಇಲ್ಲ, ಅಫಿಡವಿಟ್ ಬೇಕು ಅಂತ. ಅಷ್ಟೇ ರೀ! ಮಾರನೇ ದಿನಾನೇ ಮಾಡಿಸಿ ಕೊಟ್ವಿ. ಐದು ತಿಂಗ್ಳು ಆ ಹೆಂಗಸಿಗೆ ಈ ಒಂದು ಮಾತು ಯಾರೂ ಹೇಳ್ಲಿಲ್ಲ, ಈಗ್ಲೂ ನೆನೆದ್ರೆ ಹೊಟ್ಟೆ ಉರಿಯುತ್ತೆ.

ಅಂದಹಾಗೆ ನಮ್ಮಲ್ಲಿ ಸರ್ಕಾರಿ ಸೇವೆ ಗಡುವಿನೊಳಗೆ ಸಿಗ್ಬೇಕು ಅನ್ನೋ 2011ರ ಸಕಾಲ ಕಾಯ್ದೆ ಇದೆ, ಅದ್ರಡಿ ಬರೋ ಸೇವೆಗೆ ಅರ್ಜಿ ಕೊಟ್ರೆ ಜಿಎಸ್‌ಸಿ ನಂಬರ್, ಅಂದ್ರೆ ಅರ್ಜಿ ಸ್ವೀಕೃತಿ ಸಂಖ್ಯೆ, ಇಸ್ಕೊಳಿ, ಗಡುವು ಮೀರಿದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದ್ರೆ 500ರ ತನಕ ಪರಿಹಾರ ಕೇಳ್ಬಹುದು.

ಟೈಮ್ ಆಯ್ತು ಅಂತ ಒಳಗಿಂದ ಕೈ ತೋರಿಸ್ತಿದ್ದಾರೆ, ಬೇಗ ಹೇಳ್ಬಿಡ್ತೀನಿ. ಡಿಪೆಂಡ್, ಸಸ್ಪೆಂಡ್ ಇವೂ ಅದೇ ಬೇರಿನವು. "ಸಸ್ಪೆಂಡೆಡ್ ಪೆಂಡಿಂಗ್ ಎನ್‌ಕ್ವೈರಿ" ಅಂದ್ರೆ ವಿಚಾರಣೆ ಮುಗಿಯೋವರ್ಗೂ ಅಮಾನತು, ನೋಡಿ ಅಲ್ಲಿ ಹಗ್ಗ ಕಾಣುತ್ತೆ. ನೀವಿನ್ನೂ ಶುರುನೇ ಮಾಡದ ಕೆಲ್ಸಕ್ಕೆ ಪೆಂಡಿಂಗ್ ಅನ್ಬೇಡಿ, ಶುರು ಮಾಡಿಲ್ಲ ಅನ್ನಿ. ಮೇಲ್ ಬರೆಯುವಾಗ ಬರೀ ಪೆಂಡಿಂಗ್ ಅಂತ ಬಿಡ್ಬೇಡಿ, "ಪೆಂಡಿಂಗ್ ಅಪ್ರೂವಲ್ ಫ್ರಮ್ ಅಕೌಂಟ್ಸ್" ಅಂತ ಪೂರ್ತಿ ಬರೀರಿ, ಓದಿದವ್ರು ಸೀದಾ ಅಕೌಂಟ್ಸಿಗೆ ಫೋನ್ ಮಾಡ್ಲಿ. ನಮಸ್ಕಾರ.