ಆಟೋರಿಮೂವ್: ಎಂಟರ್ ಒತ್ತುವ ಮೊದಲು ಆ ಪಟ್ಟಿ ಓದಿ

ಎಲ್ಲರಿಗೂ ನಮಸ್ಕಾರ.

ಡೆಬಿಯನ್, ಉಬುಂಟು, ಮಿಂಟ್ ಎಂಬ ಲಿನಕ್ಸ್ ವ್ಯವಸ್ಥೆಗಳನ್ನು ಬಳಸುವವರಿಗೆ ಈ ಸೂಚನೆ ಚೆನ್ನಾಗಿ ಗೊತ್ತು. ಏನೋ ಒಂದು ಇನ್‌ಸ್ಟಾಲ್ ಮಾಡಲು ಹೋಗುತ್ತೀರಿ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಪ್ಯಾಕೇಜುಗಳ, ಅಂದರೆ ಸಾಫ್ಟ್‌ವೇರ್ ಕಟ್ಟುಗಳ, ಉದ್ದನೆಯ ಪಟ್ಟಿ ಬರುತ್ತದೆ. ಸಾಫ್ಟ್‌ವೇರ್ ಹಾಕುವ, ತೆಗೆಯುವ ಆಪ್ಟ್ ಎಂಬ ಪ್ರೋಗ್ರಾಮ್, ಇವು ಈಗ ಬೇಕಾಗಿಲ್ಲ, ತೆಗೆಯಲು 'ಆಪ್ಟ್ ಆಟೋರಿಮೂವ್' ಕಮಾಂಡ್ ಬಳಸಿ ಅನ್ನುತ್ತದೆ. ಮಷಿನ್ನೇ ಹೇಳುತ್ತಿದೆ ಅಂತ ನಾವು ನಂಬಿಬಿಡುತ್ತೇವೆ, ಅಲ್ವಾ?

ಆದರೆ ನೀವು ದಿನವಿಡೀ ಏನು ಬಳಸುತ್ತೀರಿ ಅನ್ನೋದು ಆಪ್ಟ್‌ಗೆ ಗೊತ್ತೇ ಇಲ್ಲ. ಅದು ನೋಡುವುದು ಒಂದು ಗುರುತನ್ನು. ನೀವು ಹೆಸರು ಹೇಳಿ ಹಾಕಿಸಿಕೊಂಡದ್ದು ಮ್ಯಾನ್ಯುಅಲ್. ಅದರ ಜೊತೆಗೆ ಬಂದದ್ದು ಆಟೋ. ಆಟೋ ಗುರುತಿನ ಪ್ಯಾಕೇಜನ್ನು ಬೇರೆ ಯಾವುದೂ ಕೇಳದೇ ಹೋದರೆ ಅದು ಅನಾಥ. ಅನಾಥವಾದದ್ದನ್ನು ಆಟೋರಿಮೂವ್ ಗುಡಿಸಿ ಹಾಕುತ್ತದೆ.

ಡೆಸ್ಕ್‌ಟಾಪ್ ಪೂರ್ತಿ ನಿಂತಿರುವುದು ಈ ಗುರುತಿನ ಮೇಲೆ. ಉಬುಂಟು-ಡೆಸ್ಕ್‌ಟಾಪ್ ಎಂಬುದು ಒಂದು ಮೆಟಾಪ್ಯಾಕೇಜ್. ಅದರೊಳಗೆ ಪ್ರೋಗ್ರಾಮ್ ಏನೂ ಇಲ್ಲ, ಬರೀ ಅವಲಂಬನೆಗಳ, ಅಂದರೆ ಜೊತೆಗೆ ಬೇಕಾದ ಬೇರೆ ಪ್ಯಾಕೇಜುಗಳ, ಪಟ್ಟಿ. ಆ ಪಟ್ಟಿಯಲ್ಲಿ ಕಡ್ಡಾಯವಾಗಿರುವ ಒಂದನ್ನು ನೀವು ತೆಗೆದರೂ ಮೆಟಾಪ್ಯಾಕೇಜ್ ಹೋಗಿಬಿಡುತ್ತದೆ. ಆ ಹೊತ್ತಿಗೆ ಪರದೆಯಲ್ಲಿ ಏನೂ ಬದಲಾಗುವುದಿಲ್ಲ. ಅಪಾಯ ಇರುವುದೇ ಇಲ್ಲಿ. ಹಿಡಿದಿಟ್ಟುಕೊಂಡಿದ್ದ ಕೈ ಹೋಗಿದೆ, ಉಳಿದವು ಸುಮ್ನೆ ಕೂತಿವೆ. ವಾರಗಳ ನಂತರ ನೀವು ಆಟೋರಿಮೂವ್ ಕೊಟ್ಟಾಗ ಅವೂ ಹೋಗಬಹುದು.

ಇದನ್ನು ತಡೆಯಲು ಆಪ್ಟ್‌ನಲ್ಲಿ ಒಳ್ಳೆಯ ಏರ್ಪಾಡಿದೆ. ಮೆಟಾಪ್ಯಾಕೇಜ್ ವಿಭಾಗದ ಪ್ಯಾಕೇಜ್ ಹೋದರೆ ಅದರ ಮ್ಯಾನ್ಯುಅಲ್ ಗುರುತು ಅದು ತಂದಿದ್ದ ಪ್ಯಾಕೇಜುಗಳಿಗೆ ದಾಟುತ್ತದೆ. ಆದರೆ ಹೊರಗಿನ ರೆಪೊಸಿಟರಿಯ (ಪ್ಯಾಕೇಜುಗಳ ಭಂಡಾರದ) ಪ್ಯಾಕೇಜ್ ಆ ವಿಭಾಗದಲ್ಲಿ ಇಲ್ಲದಿದ್ದರೆ, ಅಥವಾ ಮೆಟಾಪ್ಯಾಕೇಜೇ ಆಟೋ ಆಗಿದ್ದರೆ, ಈ ರಕ್ಷಣೆ ಸಿಗುವುದಿಲ್ಲ.

2021ರ ನವೆಂಬರ್‌ನ ಸುದ್ದಿ ನೆನಪಿರಬಹುದು. ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಗೇಮ್‌ಗಳ ಆ್ಯಪ್ ಸ್ಟೀಮ್ ಹಾಕಲು ಹೋಗಿ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಅವರ ಡೆಸ್ಕ್‌ಟಾಪೇ ಹೋಯಿತು. ಅಲ್ಲಿ ಕಾರಣ ಬೇರೆ, ಅವಲಂಬನೆಗಳ ಜಗಳ. ಆದರೂ ಆಪ್ಟ್ ಎಚ್ಚರಿಕೆ ಕೊಟ್ಟಿತ್ತು, 'ಹೌದು, ನಾನು ಹೇಳಿದ್ದನ್ನು ಮಾಡು' ಎಂಬರ್ಥದ ವಾಕ್ಯವನ್ನು ಪೂರ್ತಿ ಟೈಪ್ ಮಾಡಿಸಿಕೊಂಡಿತ್ತು. ಆಟೋರಿಮೂವ್ ಅಷ್ಟೂ ಕೇಳುವುದಿಲ್ಲ. ವೈ ಅಥವಾ ಎನ್, ಸುಮ್ನೆ ಎಂಟರ್ ಒತ್ತಿದರೂ ವೈ. ಇದು ಬದಲಾಗಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಲಾಗಿನ್ ಪರದೆಯನ್ನೇ ತೆಗೆಯುವಾಗ ಒಂದು ಪ್ರಶ್ನೆ ಜಾಸ್ತಿ ಕೇಳಿದರೆ ಯಾರಿಗೂ ನಷ್ಟವಿಲ್ಲ.

ಅಲ್ಲಿಯವರೆಗೆ ಮೈನಸ್ ಎಸ್ (-s) ಸೇರಿಸಿ ಆಟೋರಿಮೂವ್ ಓಡಿಸಿ. ಏನನ್ನೂ ತೆಗೆಯದೆ ಪಟ್ಟಿ ಮಾತ್ರ ತೋರಿಸುತ್ತದೆ. ಹಳೆಯ ಕರ್ನಲ್‌ಗಳು (ವ್ಯವಸ್ಥೆಯ ತಿರುಳಿನ ಹಳೆಯ ಆವೃತ್ತಿಗಳು), ಲೈಬ್ರರಿಗಳು ಇದ್ದರೆ ತೆಗೆಯಿರಿ, ಡಿಸ್ಕ್‌ನಲ್ಲಿ ಜಾಗವಾಗುತ್ತದೆ. ಲಾಗಿನ್ ಪರದೆಯ ಜಿಡಿಎಂ3, ಲೈಟ್‌ಡಿಎಂ, ಡೆಸ್ಕ್‌ಟಾಪಿನ ಗ್ನೋಮ್-ಶೆಲ್, ಪ್ಲಾಸ್ಮಾ-ಡೆಸ್ಕ್‌ಟಾಪ್, ನೆಟ್ ಸಂಪರ್ಕದ ನೆಟ್‌ವರ್ಕ್-ಮ್ಯಾನೇಜರ್ ಇವುಗಳಲ್ಲಿ ನೀವು ಬಳಸುವ ಒಂದು ಹೆಸರು ಕಂಡರೂ ಅಲ್ಲೇ ನಿಲ್ಲಿ. ಆಪ್ಟ್-ಮಾರ್ಕ್ ಮ್ಯಾನ್ಯುಅಲ್ ಎಂದು ಬರೆದು ಮುಂದೆ ಆ ಹೆಸರು ಕೊಟ್ಟರೆ ಗುರುತು ಸರಿಯಾಗುತ್ತದೆ.

ಆಗಲೇ ಒತ್ತಿಬಿಟ್ಟು, ರೀಬೂಟ್ ಆದ ಮೇಲೆ ಪರದೆ ಕಪ್ಪಾಗಿದೆಯಾ? ಹೊಸದಾಗಿ ಇನ್‌ಸ್ಟಾಲ್ ಮಾಡಲು ಓಡಬೇಡಿ. ಹೋಮ್ ಫೋಲ್ಡರಿನ ನಿಮ್ಮ ಫೈಲ್‌ಗಳನ್ನು ಆಟೋರಿಮೂವ್ ಮುಟ್ಟುವುದಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಬರೀ ಅಕ್ಷರಗಳ ಪರದೆ ಬರುತ್ತದೆ, ಅಲ್ಲಿ ಲಾಗಿನ್ ಆಗಿ. ಆಪ್ಟ್‌ನ ಲಾಗ್ ಫೋಲ್ಡರಿನಲ್ಲಿ ಹಿಸ್ಟರಿ ಡಾಟ್ ಲಾಗ್ ಎಂಬ ಫೈಲ್ ಇದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಮಾಂಡಿನಿಂದ ಏನೇನು ಹೋಯಿತು ಎಲ್ಲ ಅದರಲ್ಲಿದೆ. ಮೊದಲು ಮೆಟಾಪ್ಯಾಕೇಜನ್ನು ಮತ್ತೆ ಇನ್‌ಸ್ಟಾಲ್ ಮಾಡಿ, ಆಮೇಲೆ ಆ ಫೈಲ್ ನೋಡಿಕೊಂಡು ಬಿಟ್ಟುಹೋದದ್ದನ್ನು ಸೇರಿಸಿ. ನೆಟ್‌ವರ್ಕ್-ಮ್ಯಾನೇಜರ್ ಕೂಡ ಹೋಗಿದ್ದರೆ ಕೆಲಸ ಸ್ವಲ್ಪ ಕಷ್ಟ, ವೈಫೈ ಏಳುವುದಿಲ್ಲ. ಆಗ ಕೇಬಲ್ ಹಾಕಿ, ಅಥವಾ ಫೋನನ್ನು ಯುಎಸ್‌ಬಿಯಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ, ಡಿಎಚ್‌ಸಿಪಿಯಿಂದ (ನೆಟ್‌ವರ್ಕ್ ವಿಳಾಸವನ್ನು ತಾನಾಗಿ ಕೊಡುವ ವ್ಯವಸ್ಥೆಯಿಂದ) ಐಪಿ ವಿಳಾಸ ಪಡೆದು ಮುಂದುವರಿಯಿರಿ.